ಮಗಳ ಮೇಜಿನ ಮೇಲಣ ಕಂಪ್ಯೂಟರು

ಪರೀಕ್ಷೆಯ ಫಲಿತಾಂಶವು ಪ್ರಕಟವಾಗಿ ಕಾಲೇಜು ಸೇರುವ ದಿನಗಳು ಸಮೀಪಿಸಿದೊಡನೆ ನಮ್ಮ ಮನೆಗಳಲ್ಲಿ ಕಂಪ್ಯೂಟರಿನ ಪ್ರಸ್ತಾಪವೇಳುತ್ತದೆ. ಮಗನಾದರೋ, ಆಟವಾಡುವುದಕ್ಕೇ ಕೇಳುತ್ತಿರುವನೆಂದು ತಿಳಿದಿದ್ದರೂ, ಅವನು ಬಯಸಿದ ಡೆಸ್ಕ್‌ಟಾಪನ್ನು ಕೊಡಿಸುವೆವು. ಮಗಳಿಗೆ ಅಂಗಡಿಯವನು ತೋರಿಸಿದ ಯಾವುದೋ ತೆಳುವಾದ ಲ್ಯಾಪ್‌ಟಾಪನ್ನಿತ್ತು ಕರ್ತವ್ಯ ತೀರಿತೆಂದುಕೊಳ್ಳುವೆವು. ಹಾಸ್ಟೆಲಿನಲ್ಲಿರುವವಳಿಗೆ ಅದೇ ಅನುಕೂಲವಿರಬಹುದು. ಮನೆಯಿಂದಲೇ ಹೋಗಿಬರುವವಳಿಗೆ ಆಟಕ್ಕೂ ಒದಗುವ ಡೆಸ್ಕ್‌ಟಾಪೇ ಮೇಲು. ಅದನ್ನು ಅವಳೇ ಜೋಡಿಸತಕ್ಕದ್ದೆಂದು ನನ್ನ ಅಭಿಪ್ರಾಯ.

"ಆಟಕ್ಕಾಗಿ ಹಣವೇ?" ಎಂದು ಈ ಶಾಲೆಯಲ್ಲಿ ಓದಿದ ನನ್ನ ಸಹೋದರಿಯರೇ ಕೇಳಿಯಾರು. ಥ್ರೋಬಾಲಿಗೆ ನಮ್ಮ ವೇಳಾಪಟ್ಟಿಯಲ್ಲಿ ಗಂಟೆಯೊಂದು ಮೀಸಲಾಗಿದ್ದುದನ್ನು ಅವರು ಮರೆತಿರಲಾರರು. ಅದಲ್ಲದೆ ಆಟವನ್ನು ನಡೆಯಿಸುವ ಯಂತ್ರವೇ ನಕಾಶೆ ಬರೆಯುವುದಕ್ಕೂ ಚಲಚ್ಚಿತ್ರವನ್ನು ಸಂಕಲಿಸುವುದಕ್ಕೂ ಬೇಕಾದುದು.

ಹಣದ ಮಾತಿಗೆ ಬರೋಣ. ಆಟದ ಯಂತ್ರದಲ್ಲಿ ಹೆಚ್ಚು ಬೆಲೆಯುಳ್ಳದ್ದು ಸಾಮಾನ್ಯವಾಗಿ ಗ್ರಾಫಿಕ್ಸ್ ಕಾರ್ಡು. ಅದನ್ನು ಮೊದಲ ವರ್ಷವೇ ಕೊಳ್ಳಬೇಕೆಂಬ ನಿರ್ಬಂಧವಿಲ್ಲ. 2021ರಲ್ಲಿ ಹೊರಬಂದ ರೈಜನ್ 5 5600ಜಿ ಎಂಬ ಆರು ಕೋರುಗಳ ಪ್ರೊಸೆಸರಿನಲ್ಲಿ ಚಿತ್ರಗಳನ್ನು ಮೂಡಿಸುವ ಭಾಗವೂ ಅಡಗಿದೆ. ಮೈನ್‌ಕ್ರಾಫ್ಟ್, ವ್ಯಾಲೊರಂಟ್ ಮೊದಲಾದವು ಅದರಲ್ಲಿ ಸಲೀಸಾಗಿ ನಡೆಯುವುವು. ಹೊಸ ಭಾರಿ ಆಟಗಳು ನಡೆಯವು, ಅವು ಕಾಯಲಿ. ರ‍್ಯಾಮನ್ನು 16 ಜಿಬಿಯ ಒಂದೇ ಪಟ್ಟಿಯಾಗಿ ಕೊಳ್ಳದೆ 8 ಜಿಬಿಯ ಎರಡಾಗಿ ಕೊಳ್ಳತಕ್ಕದ್ದು. ಪ್ರತ್ಯೇಕ ಕಾರ್ಡಿಲ್ಲದ ಯಂತ್ರವು ಚಿತ್ರಕ್ಕೂ ಈ ರ‍್ಯಾಮನ್ನೇ ಆಶ್ರಯಿಸುವುದರಿಂದ, ದಾರಿ ಎರಡಾದರೆ ವೇಗವು ಕಣ್ಣಿಗೆ ಕಾಣುವಷ್ಟು ಹೆಚ್ಚುವುದು. 2025ರ ಕೊನೆಯಲ್ಲಿ ರ‍್ಯಾಮಿನ ಬೆಲೆ ವಿಪರೀತವಾಗಿ ಏರಿತೆಂಬುದು ನಿಜ. ಆದಾಗ್ಯೂ ಇಲ್ಲಿ ಕೈಹಿಡಿತ ಸಲ್ಲದು. ಮಿನುಗುವ ದೀಪಗಳ ಪೆಟ್ಟಿಗೆಯನ್ನು ಬಿಟ್ಟರೆ ಸಾಕು, ಎಷ್ಟೋ ಹಣ ಉಳಿಯುವುದು.

ಎಲ್ಲಕ್ಕಿಂತ ಮಿಗಿಲಾಗಿ ಎಚ್ಚರವಿರಬೇಕಾದದ್ದು ಪವರ್ ಸಪ್ಲೈಯ ವಿಷಯದಲ್ಲಿ. ಪೆಟ್ಟಿಗೆಯೊಡನೆ ಪುಕ್ಕಟೆಯಾಗಿ ಬರುವುದನ್ನು ನಂಬುವುದು ಮರಳಿನ ಮೇಲೆ ಮನೆ ಕಟ್ಟಿದಂತೆ. ಮುಂದೆ ಕಾರ್ಡು ಸೇರಿಸುವ ಯೋಚನೆಯಿದ್ದರೆ 550 ವಾಟಿನದು ಇರಲಿ. 80 ಪ್ಲಸ್ ಎಂಬ ಮುದ್ರೆಯು ದಕ್ಷತೆಯ ಗುರುತೇ ಹೊರತು ಬಾಳಿಕೆಯ ಗುರುತಲ್ಲ. ವಾರಂಟಿಯ ವರ್ಷಗಳನ್ನೂ ಎಣಿಸಬೇಕು.

ಬೆಂಗಳೂರಿನ ಎಸ್. ಪಿ. ರಸ್ತೆಯಲ್ಲಿ ಬಿಡಿಭಾಗಗಳನ್ನು ಕೊಂಡರೆ ಅಂಗಡಿಯವರೇ ಜೋಡಿಸಿಕೊಡಲು ಮುಂದಾಗಬಹುದು. ದಯವಿಟ್ಟು ಬೇಡವೆನ್ನಿರಿ. ಲೋಹವನ್ನು ಮುಟ್ಟಿ ಮೈಯ ವಿದ್ಯುತ್ತನ್ನು ಕಳೆದುಕೊಳ್ಳುವುದು, ಪ್ರೊಸೆಸರಿನ ಮೂಲೆಯ ಚಿನ್ನದ ತ್ರಿಕೋನವನ್ನು ಗುರುತಿಗೆ ಹೊಂದಿಸಿ ಒತ್ತದೆ ಇಳಿಸುವುದು, ಇವು ಹೊಲಿಗೆಗಿಂತ ಕಠಿಣವಲ್ಲ. ತಂದೆಯಂದಿರಲ್ಲಿ ನನ್ನದೊಂದು ಬಿನ್ನಹ: ಅವಳ ಕೈಯಿಂದ ಸ್ಕ್ರೂಡ್ರೈವರನ್ನು ಕಿತ್ತುಕೊಳ್ಳಬೇಡಿರಿ.

ನನ್ನ ಮಗಳು ಕಳೆದ ಬೇಸಗೆಯಲ್ಲಿ ಜೋಡಿಸಿದ ಯಂತ್ರದ ಫ್ಯಾನು ತಿರುಗಿತು. ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು. ರಿಪೇರಿಯವನನ್ನು ಕರೆಯಲು ನಾನು ಫೋನು ಕೈಗೆತ್ತಿಕೊಂಡೆನು. ಅವಳು ತಂತಿಯನ್ನು ಕಿತ್ತು, ರ‍್ಯಾಮಿನ ಪಟ್ಟಿಗಳನ್ನು ಹೊರತೆಗೆದು, ಎರಡು ತುದಿಗಳಲ್ಲಿಯೂ ಕ್ಲಿಕ್ಕೆನ್ನುವವರೆಗೆ ಒತ್ತಿ ಕೂರಿಸಿದಳು. ಪರದೆ ಬೆಳಗಿತು. ನಾನು ಫೋನನ್ನು ಕೆಳಗಿಟ್ಟೆನು.