ಕಡಲ ಎಣ್ಣೆಬಾವಿಗಳಲ್ಲಿ ಕೆಲಸಗಾರನ ಮಾತು

ಸಮುದ್ರದ ನಡುವೆ ಉಕ್ಕಿನ ಅಟ್ಟಣೆಗಳನ್ನು ನಿಲ್ಲಿಸಿ ಭೂಗರ್ಭದಿಂದ ಎಣ್ಣೆಯನ್ನೂ ಅನಿಲವನ್ನೂ ಎತ್ತುವ ಉದ್ಯಮವು ಇಂದಿನ ಲೋಕವ್ಯವಹಾರಕ್ಕೆ ಜೀವನಾಡಿಯಂತಿರುವದು. ಆದರೆ ಅಲ್ಲಿ ದುಡಿಯುವವರ ಪ್ರಾಣರಕ್ಷಣೆಯ ಪ್ರಶ್ನೆಯು ಅನರ್ಥವೊಂದು ಸಂಭವಿಸಿದಾಗ ಮಾತ್ರ ಚರ್ಚೆಗೆ ಬಂದು, ಕೆಲದಿನಗಳಲ್ಲಿಯೇ ಮರೆತುಹೋಗುವದು ವಿಷಾದದ ಸಂಗತಿ. ಹೊಣೆಯು ಮಾಲೀಕರದೆಂಬದರಲ್ಲಿ ಸಂಶಯವಿಲ್ಲ. ಆದರೆ ಕೆಲಸಗಾರನ ಬಾಯಿ ಕಟ್ಟಿದಲ್ಲಿ ಯಾವ ಮಾಲೀಕನೂ ಆ ಹೊಣೆಯನ್ನು ನಿರ್ವಹಿಸಲಾರನೆಂಬದು ನಮ್ಮ ದೃಢವಾದ ಅಭಿಪ್ರಾಯ.

1988ನೆಯ ಜುಲೈ 6ರ ರಾತ್ರಿ ಬ್ರಿಟನ್ನಿನ ಉತ್ತರ ಸಮುದ್ರದಲ್ಲಿ ಪೈಪರ್ ಆಲ್ಫಾ ಎಂಬ ಅಟ್ಟಣೆಯು ಸ್ಫೋಟಗೊಂಡು 167 ಜನರು ಪ್ರಾಣ ನೀಗಿದರು. ಪಂಪೊಂದರ ಸುರಕ್ಷತಾ ಕವಾಟವನ್ನು ದುರಸ್ತಿಗಾಗಿ ಹಗಲಿನಲ್ಲಿ ಕಳಚಲಾಗಿತ್ತು. ಆ ಸುದ್ದಿಯು ರಾತ್ರಿ ಪಾಳಿಯವರಿಗೆ ಮುಟ್ಟಲಿಲ್ಲ. ಅವರು ಆ ಪಂಪನ್ನೇ ಚಾಲು ಮಾಡಿದರು. ಒಬ್ಬರಿಂದ ಒಬ್ಬರಿಗೆ ಮುಟ್ಟಬೇಕಾದ ಮಾತು ಮುಟ್ಟದೆ ಹೋದುದರಿಂದ ಆದ ಅನರ್ಥವಿದು. ಲಾರ್ಡ್ ಕಲನ್ ಅವರು ದೀರ್ಘವಾಗಿ ವಿಚಾರಣೆ ನಡೆಯಿಸಿ 1990ರಲ್ಲಿ 106 ಸೂಚನೆಗಳನ್ನು ಮಾಡಿದರು. ಹಾಗೆಂದು ಅಲ್ಲಿಯ ಕೆಲಸಗಾರರ ಮೌನಕ್ಕೆ ಕಾರಣವಿರಲಿಲ್ಲವೆಂದಲ್ಲ. ದೂರು ಹೇಳಿದವನ ಹೆಸರಿನ ಮುಂದೆ ‘ಮರಳಿ ಬೇಕಾಗಿಲ್ಲ’ ಎಂದು ಬರೆದು ಅವನನ್ನು ದಡಕ್ಕೆ ಅಟ್ಟುವ ಪದ್ಧತಿಯು ಆ ಸಮುದ್ರದಲ್ಲಿ ಎಲ್ಲರೂ ಬಲ್ಲುದಾಗಿತ್ತು. ಆದುದರಿಂದಲೇ 1989ರಲ್ಲಿ ಕೆಲಸಗಾರರು ತಾವೇ ಆರಿಸಿದ ಸುರಕ್ಷತಾ ಪ್ರತಿನಿಧಿಗಳಿಗೆ ತಪಾಸಣೆಯ ಅಧಿಕಾರ ದೊರೆಯಿತು. 1992ರಲ್ಲಿ ಅಂಥವರ ಮೇಲೆ ಸೇಡು ತೀರಿಸಿಕೊಳ್ಳುವದನ್ನು ತಡೆಯುವ ಕಾಯದೆಯು ಬಂದಿತು. ನಾರ್ವೆಯಂತೂ ಇನ್ನೂ ಮುಂದೆ ಹೋಗಿ, ಪ್ರಾಣಭಯವಿರುವ ಕೆಲಸವನ್ನು ನಿಲ್ಲಿಸುವ ಅಧಿಕಾರವನ್ನೇ 1977ರ ಕಾಯದೆಯಲ್ಲಿ ಇಂಥ ಪ್ರತಿನಿಧಿಗೆ ಕೊಟ್ಟಿತ್ತು.

ಬಹುಮಾನ, ಪ್ರಶಂಸೆಗಳಿಂದ ಈ ಕಾರ್ಯವು ಸಾಧಿಸದು. 2010ನೆಯ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್ ಎಂಬ ಯಂತ್ರನೌಕೆಗೆ ಮೇಲಧಿಕಾರಿಗಳು ಹೋಗಿದ್ದುದು, ಏಳು ವರ್ಷ ಕೆಲಸ ತಪ್ಪಿಸುವಂಥ ಗಾಯ ಯಾರಿಗೂ ಆಗಲಿಲ್ಲವೆಂದು ಹೊಗಳುವದಕ್ಕೆ. ಅದೇ ರಾತ್ರಿ ಬಾವಿಯು ಸಿಡಿದು 11 ಜನರು ಮಡಿದರು. ಬೆರಳಿನ ಗಾಯಗಳನ್ನು ಎಣಿಸುವ ಲೆಕ್ಕದಲ್ಲಿ ಬಾವಿಯ ಒತ್ತಡದ ಅಪಾಯವು ಕಾಣಲಿಲ್ಲ.

ಇದು ಪರದೇಶದ ಕಥೆಯೆಂದು ನಾವು ನಿಶ್ಚಿಂತರಾಗಿರಲಾಗದು. 2005ನೆಯ ಜುಲೈ 27ರಂದು ಮುಂಬಯಿ ಹೈ ಕ್ಷೇತ್ರದಲ್ಲಿ ನೌಕೆಯೊಂದು ಅಟ್ಟಣೆಯ ಅನಿಲ ಕೊಳವೆಗೆ ತಾಗಿ ಬೆಂಕಿ ಹತ್ತಿ 22 ಜನರು ಅಸುನೀಗಿದರು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತಕ್ಕೆ ಸಿಕ್ಕು ಪಿ-305 ಎಂಬ ದೋಣಿಯು ಮುಳುಗಿದಾಗ ಸತ್ತವರು 70ಕ್ಕೂ ಮಿಕ್ಕು. ಅದರಲ್ಲಿದ್ದವರು ಗುತ್ತಿಗೆದಾರರ ಕೈಕೆಳಗೆ ದುಡಿಯುತ್ತಿದ್ದವರು. ಇಂದು ಒಬ್ಬ ಗುತ್ತಿಗೆದಾರ, ನಾಳೆ ಮತ್ತೊಬ್ಬ ಎಂಬ ಸ್ಥಿತಿಯಲ್ಲಿರುವವನು ಅಪಾಯವನ್ನು ಕಂಡರೂ ಯಾರಿಗೆ ಹೇಳಬೇಕು? ಹೇಳಿದ ಮೇಲೆ ಅವನ ಅನ್ನಕ್ಕೆ ಆಧಾರವೇನು?

ನಮ್ಮ ದೇಶದಲ್ಲಿ ಕಡಲ ಎಣ್ಣೆಗೆಲಸದ ಸುರಕ್ಷತೆಗೆಂದು 2008ರ ನಿಯಮಗಳಿವೆ. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯು ಅಪಾಯವನ್ನು ಮಾಲೀಕನಿಗೂ ತನಿಖಾಧಿಕಾರಿಗೂ ತಿಳಿಸುವ ಹಕ್ಕನ್ನು ಕೆಲಸಗಾರನಿಗೆ ಕೊಟ್ಟಿದೆ. ಇದು ಸ್ತುತ್ಯವೇ ಸರಿ. ಆದರೆ ತಿಳಿಸುವ ಹಕ್ಕು ಬೇರೆ, ನಿಲ್ಲಿಸುವ ಹಕ್ಕು ಬೇರೆ. ದಡದಿಂದ ಬಹುದೂರದಲ್ಲಿರುವವನಿಗೆ ತನಿಖಾಧಿಕಾರಿ ಬರುವ ತನಕ ಕಾದಿರುವ ಅವಕಾಶವೆಲ್ಲಿ?

ಕೂಲಿಕಾರನಿಗೆ ಇಂಥ ಅಧಿಕಾರವಿತ್ತರೆ ಶಿಸ್ತು ಕೆಡುವದು, ಉತ್ಪಾದನೆ ಕುಂದುವದು ಎಂದು ಕೆಲವರು ಆಕ್ಷೇಪಿಸಬಹುದು. ಒಂದು ಗಳಿಗೆ ನಿಂತ ಪಂಪಿನ ನಷ್ಟವನ್ನು ಸುಟ್ಟುಹೋದ ಅಟ್ಟಣೆಯ ನಷ್ಟದೊಡನೆ ತೂಗಿದರೆ ಈ ಆಕ್ಷೇಪಕ್ಕೆ ಬೇರೆ ಉತ್ತರವು ಬೇಕಾಗದು.

ಆದುದರಿಂದ ಸರಕಾರವು ಮಾಡಬೇಕಾದುದು ಸ್ಪಷ್ಟವಾಗಿದೆ. ಗುತ್ತಿಗೆಯ ಆಳುಗಳೂ ಮತ ಕೊಟ್ಟು ಆರಿಸಿದ ಪ್ರತಿನಿಧಿಗಳು ಪ್ರತಿಯೊಂದು ಅಟ್ಟಣೆಯ ಮೇಲೂ ಪ್ರತಿಯೊಂದು ದೋಣಿಯ ಮೇಲೂ ಇರಬೇಕು. ಪ್ರಾಣಭಯ ಕಂಡಲ್ಲಿ ಕೂಲಿ ಕಳೆದುಕೊಳ್ಳದೆ ಕೆಲಸ ನಿಲ್ಲಿಸುವ ಹಕ್ಕು ಕಾಯದೆಯ ಅಕ್ಷರದಲ್ಲಿಯೇ ಇರಬೇಕು. ಹೇಳಿದ ದೂರಿಗೆ ಬರಹದಲ್ಲಿ ಉತ್ತರವು ಸಿಕ್ಕಬೇಕು. ಹೇಳಿದವನನ್ನು ಹೊರಹಾಕುವ ಮಾಲೀಕನಿಗೆ ದಂಡನೆಯಾಗಬೇಕು. ಅಪಾಯವನ್ನು ಮೊದಲು ಕಾಣುವ ಕಣ್ಣು ಯಂತ್ರದ ಮಗ್ಗುಲಲ್ಲಿ ನಿಂತವನದು. ಅವನ ಮಾತಿಗೆ ಬೆಲೆ ಬರುವವರೆಗೆ ಗೋಡೆಗೆ ಅಂಟಿಸಿದ ಸುರಕ್ಷತೆಯ ಘೋಷಣೆಗಳಿಂದ ಒಂದು ಜೀವವೂ ಉಳಿಯಲಾರದು.