ಊರಿಗೆ ಬರಲು ಅಡ್ಡಿಯಿಲ್ಲ, ಮರಳಿ ಹೋಗಲು? – ಅವಧಿ ಮುಗಿಯುತ್ತಿರುವ ಪಾಸ್‌ಪೋರ್ಟ್ ಮತ್ತು ನಮ್ಮ ಗಲ್ಫ್ ಕುಟುಂಬಗಳು

ಕ್ರಿಸ್ಮಸ್ ಹಬ್ಬ, ಜನವರಿಯ ಮದುವೆಗಳು, ಮಕ್ಕಳ ಪ್ರಥಮ ಪರಮಪ್ರಸಾದ, ಮನೆ ಒಕ್ಕಲು, ಚರ್ಚಿನ ವಾರ್ಷಿಕ ಹಬ್ಬ – ಗಲ್ಫ್ ರಾಷ್ಟ್ರಗಳಲ್ಲಿ ದುಡಿಯುತ್ತಿರುವ ನಮ್ಮ ಧರ್ಮಕೇಂದ್ರಗಳ ಜನರು ಊರಿಗೆ ಬರಲು ಕಾರಣಗಳು ಹಲವು. ಟಿಕೆಟ್ ಕಾದಿರಿಸುವಾಗ ಅವರು ರಜೆಯ ದಿನಗಳನ್ನು ನೋಡುತ್ತಾರೆ, ಟಿಕೆಟ್ ದರವನ್ನು ನೋಡುತ್ತಾರೆ. ಪಾಸ್‌ಪೋರ್ಟ್‌ನಲ್ಲಿ ಅಚ್ಚಾಗಿರುವ ಕೊನೆಯ ದಿನಾಂಕವನ್ನು ನೋಡುವವರು ಕಡಿಮೆ. ಹೊರಡಲು ವಾರವಿರುವಾಗ ಅದು ಕಣ್ಣಿಗೆ ಬೀಳುತ್ತದೆ. ಆಗ ಹುಟ್ಟುವ ಪ್ರಶ್ನೆ ಒಂದೇ: "ಪಾಸ್‌ಪೋರ್ಟ್‌ಗೆ ಇನ್ನು ಮೂರು ತಿಂಗಳು ಮಾತ್ರ ಇದೆ, ಊರಿಗೆ ಹೋಗಬಹುದೇ?"

ಈ ಪ್ರಶ್ನೆಗೆ ಎರಡು ಭಾಗಗಳಿವೆ. ಊರಿಗೆ ಬರಬಹುದೇ ಎಂಬುದು ಮೊದಲನೆಯದು. ಮರಳಿ ಕೆಲಸಕ್ಕೆ ಹೋಗಬಹುದೇ ಎಂಬುದು ಎರಡನೆಯದು. ಮೊದಲನೆಯದಕ್ಕೆ ಸಿಗುವ 'ಹೌದು' ಎಂಬ ಉತ್ತರವನ್ನು ಎರಡನೆಯದಕ್ಕೂ ಅನ್ವಯಿಸಿಕೊಂಡವರೇ ತೊಂದರೆಗೆ ಸಿಲುಕುತ್ತಾರೆ ಎಂಬುದನ್ನು ನಾವು ಗಮನಿಸಬೇಕಾಗಿದೆ.

ತಾಯ್ನಾಡಿನ ಬಾಗಿಲು

ಭಾರತದ ಪ್ರಜೆ ಭಾರತಕ್ಕೆ ಬರುವಾಗ ಪಾಸ್‌ಪೋರ್ಟ್ ಚಾಲ್ತಿಯಲ್ಲಿದ್ದರೆ ಸಾಕು. ಇಂತಿಷ್ಟು ತಿಂಗಳು ಉಳಿದಿರಬೇಕೆಂಬ ಷರತ್ತು ಸ್ವದೇಶದ ಪ್ರಜೆಗಳಿಗೆ ಇಲ್ಲ. 1920ರ ಹಳೆಯ ಪಾಸ್‌ಪೋರ್ಟ್ ಪ್ರವೇಶ ಕಾಯ್ದೆಯ ಬದಲಿಗೆ ಬಂದಿರುವ 2025ರ ವಲಸೆ ಮತ್ತು ವಿದೇಶೀಯರ ಕಾಯ್ದೆ ಆ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ಪ್ರಜೆಯಿಂದ ಅದು ಕೇಳುವುದೂ ಚಾಲ್ತಿಯಲ್ಲಿರುವ ಪಾಸ್‌ಪೋರ್ಟ್ ಅಥವಾ ಪ್ರಯಾಣ ಪತ್ರವನ್ನೇ. ಪಾಸ್‌ಪೋರ್ಟ್ ಕಳೆದುಹೋದರೆ ಅಥವಾ ಅವಧಿ ಪೂರ್ತಿ ಮುಗಿದಿದ್ದರೆ ಭಾರತೀಯ ರಾಯಭಾರ ಕಚೇರಿಯು ತುರ್ತು ಪ್ರಮಾಣಪತ್ರ ನೀಡುತ್ತದೆ. ಅದರಲ್ಲಿ ಭಾರತಕ್ಕೆ ಒಂದು ಸಲ ಬರಬಹುದು, ಮರಳಿ ಹೋಗಲು ಅದು ನಡೆಯುವುದಿಲ್ಲ. ಸ್ವಂತ ದೇಶಕ್ಕೆ ಹಿಂದಿರುಗುವುದು ಪ್ರತಿಯೊಬ್ಬರ ಹಕ್ಕೆಂದು 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 13ನೇ ವಿಧಿಯೂ ಹೇಳುತ್ತದೆ.

ಆರು ತಿಂಗಳ ನಿಯಮ ಯಾರದು?

ಎಲ್ಲರೂ ಕೇಳಿರುವ 'ಆರು ತಿಂಗಳ ನಿಯಮ' ನಾವು ಹೋಗುವ ದೇಶದ್ದು. ಗಲ್ಫ್ ದೇಶಗಳು ಸಾಮಾನ್ಯವಾಗಿ ಸಂದರ್ಶಕರ ಪಾಸ್‌ಪೋರ್ಟ್‌ಗೆ ಇನ್ನೂ 6 ತಿಂಗಳ ಅವಧಿ ಇರಬೇಕೆಂದು ಕೇಳುತ್ತವೆ. ಯುರೋಪಿನ ಷೆಂಗೆನ್ ದೇಶಗಳಿಗೆ ಪ್ರವಾಸ ಹೋಗುವವರ ಪಾಸ್‌ಪೋರ್ಟ್, ಅಲ್ಲಿಂದ ಹೊರಡುವ ದಿನದ ನಂತರ 3 ತಿಂಗಳು ಚಾಲ್ತಿಯಲ್ಲಿರಬೇಕು ಮತ್ತು ಕಳೆದ 10 ವರ್ಷಗಳೊಳಗೆ ನೀಡಿದ್ದಾಗಿರಬೇಕು.

ರೆಸಿಡೆನ್ಸಿ ಇರುವವರಿಗೆ ಕೆಲವು ಕಡೆ ಸಡಿಲಿಕೆ ಇದೆ. ಆದರೆ ರೆಸಿಡೆನ್ಸಿ ನವೀಕರಣದ ಹೊತ್ತಿಗೆ ಅದೇ ಪ್ರಶ್ನೆ ಮರಳಿ ಬರುತ್ತದೆ. ಯುಎಇಯಲ್ಲಿ ವೀಸಾ ಮಾಡಿಸಲು ಪಾಸ್‌ಪೋರ್ಟ್‌ಗೆ 6 ತಿಂಗಳ ಅವಧಿ ಇರಬೇಕು. 2024ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಅಲ್ಲಿ ಕ್ಷಮಾದಾನ ಘೋಷಣೆಯಾದಾಗ, ದಾಖಲೆ ಸರಿಪಡಿಸಿಕೊಳ್ಳುವವರಿಗಾಗಿ ಇದನ್ನು 1 ತಿಂಗಳಿಗೆ ಇಳಿಸಬೇಕಾಯಿತು. ಅಷ್ಟೊಂದು ಜನರ ಪಾಸ್‌ಪೋರ್ಟ್ ಅಂಚಿಗೆ ಬಂದಿತ್ತು ಎಂಬುದಕ್ಕೆ ಇದೇ ಸಾಕ್ಷಿ. ಕುವೈತ್‌ನಲ್ಲಂತೂ ಪಾಸ್‌ಪೋರ್ಟ್‌ನ ಅವಧಿ ಮೀರಿ ರೆಸಿಡೆನ್ಸಿ ಸಿಗುವುದಿಲ್ಲ.

ಈ ನಿಯಮವನ್ನು ಮೊದಲು ಜಾರಿ ಮಾಡುವವರು ವಿಮಾನ ಕಂಪೆನಿಯ ಕೌಂಟರಿನ ಸಿಬ್ಬಂದಿ. ದಾಖಲೆ ಸರಿಯಿಲ್ಲದ ಪ್ರಯಾಣಿಕನನ್ನು ಕರೆದೊಯ್ದರೆ ದಂಡ ತೆರಬೇಕಾದದ್ದು ಕಂಪೆನಿ. ಮರಳಿ ಕರೆತರುವ ಹೊಣೆಯೂ ಅದರದೇ. ಆದ್ದರಿಂದ ಅವರು ಟಿಮ್ಯಾಟಿಕ್ ಎಂಬ ಅಂತರರಾಷ್ಟ್ರೀಯ ಮಾಹಿತಿ ಕೋಶವನ್ನು ನೋಡಿ ತೀರ್ಮಾನಿಸುತ್ತಾರೆ. ಬಜಪೆ ವಿಮಾನ ನಿಲ್ದಾಣದಲ್ಲಿ ಲಗೇಜು ಹಿಡಿದು ನಿಂತು ವಾದಿಸಿ ಪ್ರಯೋಜನವಿಲ್ಲ. ನೇರ ವಿಮಾನದ ಬದಲು ಬೇರೆ ದೇಶದ ಮೂಲಕ ಹೋಗುವವರು ಆ ನಡುವಿನ ದೇಶದ ನಿಯಮವನ್ನೂ ನೋಡಿಕೊಳ್ಳಬೇಕು.

ಲೆಕ್ಕ ಹಾಕಬೇಕಾದದ್ದು ಮರಳಿ ಹೋಗುವ ದಿನದಿಂದ ಎಂಬುದನ್ನು ಮರೆಯಬಾರದು. ಒಂದು ಉದಾಹರಣೆ ನೋಡೋಣ. ಪಾಸ್‌ಪೋರ್ಟ್ ಜೂನ್ 15ಕ್ಕೆ ಮುಗಿಯುತ್ತದೆ. ದುಬೈಯಿಂದ ಡಿಸೆಂಬರ್ 10ಕ್ಕೆ ಹೊರಡುವಾಗ 6 ತಿಂಗಳು 5 ದಿನ ಉಳಿದಿದೆ. ಹಬ್ಬ, ಮದುವೆ ಮುಗಿಸಿ ಜನವರಿ 10ಕ್ಕೆ ಹೊರಡುವಾಗ ಉಳಿದಿರುವುದು 5 ತಿಂಗಳು 5 ದಿನ ಮಾತ್ರ. ಬರುವಾಗ ಸಾಕಾದ ಪಾಸ್‌ಪೋರ್ಟ್ ಹೋಗುವಾಗ ಸಾಲದೇ ಹೋಗುತ್ತದೆ.

ಅಲ್ಲಿ ನವೀಕರಿಸುವುದೋ, ಇಲ್ಲಿ ನವೀಕರಿಸುವುದೋ?

ಅವಧಿ ಮುಗಿಯುವ ಒಂದು ವರ್ಷ ಮೊದಲೇ ಪಾಸ್‌ಪೋರ್ಟ್ ಮರುವಿತರಣೆಗೆ ಅರ್ಜಿ ಹಾಕಬಹುದು. ಹಳೆಯದರಲ್ಲಿ ಉಳಿದ ತಿಂಗಳುಗಳು ಹೊಸದಕ್ಕೆ ಸೇರುವುದಿಲ್ಲವಾದ್ದರಿಂದ ಕೆಲವರು ಕೊನೆಯವರೆಗೆ ಕಾಯುತ್ತಾರೆ. ಹತ್ತು ವರ್ಷದ ಪಾಸ್‌ಪೋರ್ಟ್‌ನಲ್ಲಿ ಕೆಲವು ತಿಂಗಳು ನಷ್ಟವಾದರೆ ದೊಡ್ಡದಲ್ಲ. ಆ ಕೆಲವು ತಿಂಗಳ ಆಸೆಗೆ ಕೆಲಸವೇ ಹೋದರೆ ಅದು ದೊಡ್ಡದು.

ಊರಿನಲ್ಲಿ ಮಾಡಿಸಿದರೆ ಸುಲಭ ಎಂಬ ಭಾವನೆ ನಮ್ಮಲ್ಲಿದೆ. ಮಂಗಳೂರಿನಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರವಿದೆ. 2017ರಲ್ಲಿ ಮೈಸೂರಿನಲ್ಲಿ ಆರಂಭವಾದ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳ ಯೋಜನೆ ಬಳಿಕ ಇತರ ಜಿಲ್ಲೆಗಳಿಗೂ ಹಬ್ಬಿದೆ. ತತ್ಕಾಲ್ ಸೌಲಭ್ಯದಲ್ಲಿ ಹೆಚ್ಚಿನ ಶುಲ್ಕ ಕಟ್ಟಿದರೆ ಸಾಮಾನ್ಯವಾಗಿ ಪಾಸ್‌ಪೋರ್ಟ್ ಮೊದಲು ಬಂದು ಪೊಲೀಸ್ ಪರಿಶೀಲನೆ ನಂತರ ನಡೆಯುತ್ತದೆ. ಎಲ್ಲ ದಾಖಲೆ ಸರಿಯಿದ್ದವರಿಗೆ ಇದು ಸುಸೂತ್ರ.

ಆದರೆ ರಜೆ ಇರುವುದು ಹೆಚ್ಚಿನವರಿಗೆ ಒಂದು ತಿಂಗಳು. ಮನೆ ಬದಲಾಗಿ ವಿಳಾಸ ಹೊಂದದಿದ್ದರೆ, ಆಧಾರ್‌ನಲ್ಲಿ ಒಂದು ಹೆಸರು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನ್ನೊಂದು ಹೆಸರು ಇದ್ದರೆ, ಪೊಲೀಸ್ ಪರಿಶೀಲನೆಯ ದಿನ ಮನೆಯಲ್ಲಿ ಯಾರೂ ಇಲ್ಲದಿದ್ದರೆ ದಿನಗಳು ಉರುಳುತ್ತವೆ. ಜಾಗದ ತಕರಾರಿನಲ್ಲಿ ಹೂಡಿದ ಸಣ್ಣ ಕ್ರಿಮಿನಲ್ ಪ್ರಕರಣ ನ್ಯಾಯಾಲಯದಲ್ಲಿ ಬಾಕಿ ಇದ್ದರೂ ನ್ಯಾಯಾಲಯದ ಅನುಮತಿ ಬೇಕಾಗುತ್ತದೆ. ಅಷ್ಟರಲ್ಲಿ ರಜೆ ಮುಗಿದಿರುತ್ತದೆ.

ರಜೆ ಮೀರಿ ಉಳಿದವರ ಎದುರು ಇನ್ನೊಂದು ಗಡುವು ಇದೆ. ಯುಎಇ ಮತ್ತು ಕುವೈತ್‌ಗಳಲ್ಲಿ ಸಾಮಾನ್ಯ ರೆಸಿಡೆನ್ಸಿ ಹೊಂದಿದವರು 6 ತಿಂಗಳಿಗಿಂತ ಹೆಚ್ಚು ದೇಶದ ಹೊರಗಿದ್ದರೆ ರೆಸಿಡೆನ್ಸಿ ರದ್ದಾಗುತ್ತದೆ. ಕುವೈತ್‌ನ 2024ರ ಹೊಸ ಕಾನೂನಿನಲ್ಲಿ ಮನೆಗೆಲಸದವರಿಗೆ ಈ ಮಿತಿ 4 ತಿಂಗಳು. ಸೌದಿ ಅರೇಬಿಯಾದಿಂದ ಬಂದವರಿಗೆ ಮರುಪ್ರವೇಶ ವೀಸಾದ ಕೊನೆಯ ದಿನಾಂಕವೇ ಗಡುವು.

ಊರಿನಲ್ಲಿ ಹೊಸ ಪಾಸ್‌ಪೋರ್ಟ್ ಮಾಡಿಸಿಕೊಂಡವರು ಇನ್ನೊಂದನ್ನು ಗಮನಿಸಬೇಕು. ಹೊಸ ಪಾಸ್‌ಪೋರ್ಟ್‌ಗೆ ಹೊಸ ನಂಬರು ಬರುತ್ತದೆ, ರೆಸಿಡೆನ್ಸಿ ಇರುವುದು ಹಳೆಯ ನಂಬರಿನಲ್ಲಿ. ಹಿಂದೆ ಪಾಸ್‌ಪೋರ್ಟ್‌ನೊಳಗೆ ರೆಸಿಡೆನ್ಸಿ ಸ್ಟಿಕ್ಕರ್ ಅಂಟಿಸುತ್ತಿದ್ದರು. ಕುವೈತ್ 2019ರಲ್ಲಿ, ಯುಎಇ 2022ರಲ್ಲಿ ಇದನ್ನು ನಿಲ್ಲಿಸಿವೆ. ಈಗ ಎಲ್ಲವೂ ಕಂಪ್ಯೂಟರಿನಲ್ಲಿದೆ. ಹಾಗಾಗಿ ಮೂಲೆ ಕತ್ತರಿಸಿದ ಹಳೆಯ ಪಾಸ್‌ಪೋರ್ಟನ್ನು ಮನೆಯ ಕಪಾಟಿನಲ್ಲಿ ಬಿಟ್ಟು ಹೋಗಬಾರದು. ಎರಡನ್ನೂ ಜೊತೆಯಲ್ಲಿ ಒಯ್ಯಬೇಕು, ತಲುಪಿದ ಕೂಡಲೇ ಹೊಸ ನಂಬರನ್ನು ದಾಖಲಿಸಬೇಕು.

ಇವೆಲ್ಲವನ್ನೂ ತೂಗಿ ನೋಡಿದಾಗ ನಮಗೆ ಕಾಣುವುದು ಇಷ್ಟು: ಮರಳಿ ಹೋಗುವ ದಿನಕ್ಕೆ 6 ತಿಂಗಳು ಉಳಿಯದಿದ್ದರೆ, ಟಿಕೆಟ್ ತೆಗೆಯುವ ಮೊದಲೇ ಅಲ್ಲಿನ ಭಾರತೀಯ ದೂತಾವಾಸದ ಮೂಲಕ ನವೀಕರಿಸಿಕೊಳ್ಳುವುದು ಕ್ಷೇಮ. ಅಲ್ಲಿ ಕೆಲವು ದಿನ ತಡವಾದರೂ ಕೆಲಸ ಕೈಯಲ್ಲಿರುತ್ತದೆ.

ಪಾಸ್‌ಪೋರ್ಟ್ ಕೈಯಲ್ಲೇ ಇಲ್ಲದವರು

ಈ ಸಲಹೆ ಎಲ್ಲರಿಗೂ ಸಮಾನವಾಗಿ ಅನ್ವಯಿಸುವುದಿಲ್ಲ ಎಂಬುದೂ ಸತ್ಯ. ಕಚೇರಿಯಲ್ಲಿ ಕೆಲಸ ಮಾಡುವವರಿಗೆ ಅರ್ಧ ದಿನ ರಜೆ ಹಾಕಿ ಅರ್ಜಿ ಕೊಡುವುದು ಕಷ್ಟವಲ್ಲ. ಆದರೆ ಅರಬ್ ಮನೆಗಳಲ್ಲಿ ಮನೆಗೆಲಸ ಮಾಡುವ, ಮಕ್ಕಳನ್ನು, ವೃದ್ಧರನ್ನು ನೋಡಿಕೊಳ್ಳುವ ನಮ್ಮ ತಾಯಂದಿರು, ಸಹೋದರಿಯರ ಪಾಸ್‌ಪೋರ್ಟ್ ಎಷ್ಟೋ ಸಲ ಕಫೀಲ್‌ನ ಕಪಾಟಿನಲ್ಲಿರುತ್ತದೆ. ಕೊನೆಯ ದಿನಾಂಕ ಯಾವುದೆಂದು ಅವರು ನೋಡಿಯೇ ಇರುವುದಿಲ್ಲ.

1967ರ ಭಾರತೀಯ ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ಪಾಸ್‌ಪೋರ್ಟ್ ಭಾರತ ಸರಕಾರದ ಆಸ್ತಿ. ಕತಾರ್‌ನ 2015ರ 21ನೇ ಕಾನೂನು, ಕೆಲಸಗಾರನ ಪಾಸ್‌ಪೋರ್ಟ್ ಇಟ್ಟುಕೊಂಡ ಮಾಲೀಕನಿಗೆ 25,000 ರಿಯಾಲ್‌ವರೆಗೆ ದಂಡ ವಿಧಿಸುತ್ತದೆ. ಕಾನೂನು ಇದ್ದರೂ, ಒಬ್ಬಂಟಿ ಹೆಣ್ಣುಮಗಳು ಮಾಲೀಕನೊಡನೆ "ನನ್ನ ಪಾಸ್‌ಪೋರ್ಟ್ ಕೊಡಿ" ಎಂದು ಕೇಳುವುದು ಸುಲಭವಲ್ಲ. ಊರಿನಲ್ಲಿ ತಂದೆ ಅಥವಾ ತಾಯಿ ತೀರಿಕೊಂಡ ಸುದ್ದಿ ಬಂದಾಗ ಈ ಕಷ್ಟ ಪೂರ್ಣವಾಗಿ ಅರಿವಿಗೆ ಬರುತ್ತದೆ. ಅಂತ್ಯಕ್ರಿಯೆಗೆ ಬಂದರೆ ಮರಳಿ ಹೋಗಲಾಗದೆಂಬ ಭಯ, ಬಾರದಿದ್ದರೆ ಜೀವನವಿಡೀ ಕೊರಗು. ಪಾಸ್‌ಪೋರ್ಟ್‌ನ ಒಂದು ದಿನಾಂಕ ಇಂಥ ಆಯ್ಕೆಗೆ ಯಾರನ್ನೂ ದೂಡಬಾರದು.

ಮಕ್ಕಳ ವಿಷಯ, ಹೆಸರಿನ ವಿಷಯ

ದೊಡ್ಡವರ ಪಾಸ್‌ಪೋರ್ಟ್ ಸರಿಯಿದ್ದು ಮಗುವಿನದು ಮುಗಿದಿರುವುದೂ ಸಾಮಾನ್ಯ. ಮಕ್ಕಳಿಗೆ ಪಾಸ್‌ಪೋರ್ಟ್ 5 ವರ್ಷ ಅಥವಾ 18 ತುಂಬುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ. 15 ದಾಟಿದವರು ಬಯಸಿದರೆ 10 ವರ್ಷದ್ದನ್ನೂ ಪಡೆಯಬಹುದು. ತಂದೆ ಗಲ್ಫ್‌ನಲ್ಲಿದ್ದು ತಾಯಿ ಊರಿನಲ್ಲಿ ಅರ್ಜಿ ಹಾಕುವುದಾದರೆ ತಂದೆಯ ಒಪ್ಪಿಗೆ ಪತ್ರ ಮೊದಲೇ ತರಿಸಿಕೊಳ್ಳಬೇಕು. 2025ರ ನಿಯಮ ತಿದ್ದುಪಡಿಯಂತೆ 2023ರ ಅಕ್ಟೋಬರ್ 1ರಂದು ಅಥವಾ ಅನಂತರ ಹುಟ್ಟಿದ ಮಕ್ಕಳಿಗೆ ಜನನ ದಾಖಲೆಯಾಗಿ ಸರಕಾರಿ ಜನನ ಪ್ರಮಾಣಪತ್ರ ಮಾತ್ರ ನಡೆಯುತ್ತದೆ. ಚರ್ಚಿನ ಜ್ಞಾನಸ್ನಾನದ ಪ್ರಮಾಣಪತ್ರ ಅದಕ್ಕೆ ಬದಲಿಯಾಗದು. ಎರಡರಲ್ಲೂ ಮಗುವಿನ ಹೆಸರು ಒಂದೇ ರೀತಿ ಇರುವಂತೆ ನೋಡಿಕೊಂಡರೆ ಮುಂದೆ ಒಳ್ಳೆಯದು.

ನಮ್ಮ ಸಮುದಾಯದ ಹೆಸರುಗಳಿಗೆ ವಿಶೇಷ ತೊಡಕೊಂದಿದೆ. ಡಿ'ಸೋಜ, ಡಿ'ಸಿಲ್ವ, ಡಿ'ಕುನ್ಹ ಎಂಬಲ್ಲಿ ಬರುವ ಮೇಲಿನ ಗುರುತು, ಪಾಸ್‌ಪೋರ್ಟ್‌ನ ಯಂತ್ರ ಓದುವ ಸಾಲಿನಲ್ಲಿ ಇರುವುದಿಲ್ಲ. ಹಳೆಯ ಪಾಸ್‌ಪೋರ್ಟ್‌ನಲ್ಲಿ ಒಂದೇ ಪದವಾಗಿದ್ದ ಮನೆತನದ ಹೆಸರು ಹೊಸದರಲ್ಲಿ ಎರಡು ಪದವಾದರೆ ಟಿಕೆಟ್, ರೆಸಿಡೆನ್ಸಿ ಕಾರ್ಡ್, ಬ್ಯಾಂಕ್ ಎಲ್ಲ ಕಡೆ ಪ್ರಶ್ನೆ ಏಳುತ್ತದೆ. ಒಂದೇ ಹೆಸರಿದ್ದು ಮನೆತನದ ಹೆಸರಿನ ಜಾಗ ಖಾಲಿ ಬಿಟ್ಟಿರುವ ಪಾಸ್‌ಪೋರ್ಟ್‌ಗಳಿಗೆ ಸಂದರ್ಶಕ ವೀಸಾ ಕೊಡುವುದನ್ನು ಯುಎಇ 2022ರ ನವೆಂಬರ್‌ನಲ್ಲಿ ನಿಲ್ಲಿಸಿತು. ಮಕ್ಕಳನ್ನು ನೋಡಲು ಹೋಗುವ ನಮ್ಮ ಹಿರಿಯರು ಇದನ್ನೂ ಗಮನಿಸಬೇಕು.

ಧರ್ಮಕೇಂದ್ರ ಮಾಡಬಹುದಾದದ್ದು

ಪರದೇಶದಲ್ಲಿ ದುಡಿಯುವ ಕುಟುಂಬಗಳ ಪಾಲನೆಯ ಬಗ್ಗೆ ಹನ್ನೆರಡನೇ ಪಿಯುಸ್ ಜಗದ್ಗುರುಗಳು 1952ರಲ್ಲಿಯೇ 'ಎಕ್ಸುಲ್ ಫಮಿಲಿಯಾ' ಎಂಬ ದಾಖಲೆಯನ್ನು ಹೊರಡಿಸಿದ್ದರು. ಹೆರೋದನ ಭಯದಿಂದ ಈಜಿಪ್ಟಿಗೆ ಹೋದ ನಜರೇತಿನ ಪವಿತ್ರ ಕುಟುಂಬವನ್ನು ಅದು ಎಲ್ಲ ವಲಸಿಗರ ಮಾದರಿಯಾಗಿ ತೋರಿಸುತ್ತದೆ. ವಲಸಿಗರ ಪಾಲನೆ ಎಂದರೆ ಅವರ ಹಣದಿಂದ ಕಟ್ಟಿದ ಸಭಾಭವನದಲ್ಲಿ ಹೆಸರು ಬರೆಸುವುದಷ್ಟೇ ಆಗಬಾರದು.

ನಮ್ಮ ವಾರ್ಡುಗಳಲ್ಲಿ ಯಾವ ಮನೆಯಿಂದ ಯಾರು ಎಲ್ಲಿದ್ದಾರೆಂದು ಗುರಿಕಾರರಿಗೆ ಗೊತ್ತಿರುತ್ತದೆ. ವರ್ಷಕ್ಕೊಮ್ಮೆ ವಾರ್ಡಿನ ಕೂಟದಲ್ಲಿ "ನಿಮ್ಮ ಮಗನ ಪಾಸ್‌ಪೋರ್ಟ್ ಯಾವಾಗ ಮುಗಿಯುತ್ತದೆ, ಒಮ್ಮೆ ಫೋನಿನಲ್ಲಿ ಕೇಳಿ" ಎಂದು ನೆನಪಿಸಲು ಖರ್ಚಿಲ್ಲ. ಅಕ್ಟೋಬರ್‌ನಲ್ಲಿ ಒಂದು ಭಾನುವಾರ, ಬಲಿಪೂಜೆಯ ನಂತರದ ಪ್ರಕಟಣೆಗಳಲ್ಲಿ ಇದನ್ನು ಸೇರಿಸಿದರೆ ಕ್ರಿಸ್ಮಸ್‌ಗೆ ಬರುವವರಿಗೆ ಸಮಯ ಸಿಗುತ್ತದೆ. ಆನ್‌ಲೈನ್ ಅರ್ಜಿ ತುಂಬಲು ಬಾರದ ಹಿರಿಯರಿಗೆ ಯುವಜನರು ಚರ್ಚ್ ಕಚೇರಿಯಲ್ಲಿಯೇ ನೆರವಾಗಬಹುದು. ಮನೆಗೆಲಸಕ್ಕೆ ಹೋಗುವ ಮಹಿಳೆಯರು ಹೊರಡುವ ಮೊದಲು ಪಾಸ್‌ಪೋರ್ಟ್ ಮತ್ತು ವೀಸಾದ ಪ್ರತಿಯನ್ನು ಮನೆಯಲ್ಲಿ ಇಟ್ಟು ಹೋಗುವಂತೆ ತಿಳಿಸಬೇಕು. ಪಾಸ್‌ಪೋರ್ಟ್ ಕಫೀಲ್‌ನ ಕೈಯಲ್ಲಿದ್ದರೂ ಕೊನೆಯ ದಿನಾಂಕ ಆಗ ಮನೆಯವರಿಗೆ ಗೊತ್ತಿರುತ್ತದೆ.

ಸರಕಾರದ ಕಡೆಯಿಂದಲೂ ಕೆಲಸ ಆಗಬೇಕಿದೆ. ಅಲ್ಪ ರಜೆಯಲ್ಲಿ ಬರುವ ಕಾರ್ಮಿಕರ ಅರ್ಜಿಗಳಿಗೆ, ವಿಶೇಷವಾಗಿ ಸಾವಿನ ಸಂದರ್ಭದಲ್ಲಿ ಬಂದವರ ಅರ್ಜಿಗಳಿಗೆ, ಪೊಲೀಸ್ ಪರಿಶೀಲನೆಯಲ್ಲಿ ಆದ್ಯತೆ ಸಿಗಬೇಕು. ಮನೆಗೆಲಸದವರ ಪಾಸ್‌ಪೋರ್ಟ್ ನವೀಕರಣವನ್ನು ಕಫೀಲ್‌ನ ಮರ್ಜಿಗೆ ಬಿಡದೆ ದೂತಾವಾಸಗಳೇ ಮುಂದಾಗಿ ವಿಚಾರಿಸಬೇಕು. ನಮ್ಮ ಸಂಸದರಿಗೆ ಈ ಬೇಡಿಕೆಗಳನ್ನು ಲಿಖಿತವಾಗಿ ಕೊಡಲು ಪಾಲನಾ ಮಂಡಳಿಗಳು, ಕಥೋಲಿಕ ಸಂಘಟನೆಗಳು ಮನಸ್ಸು ಮಾಡಬೇಕು.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವ ಕೆಲಸ ಚಿಕ್ಕದು. ಇಂದೇ ಮನೆಯ ಪ್ರತಿಯೊಬ್ಬರ ಪಾಸ್‌ಪೋರ್ಟ್ ತೆರೆದು ಕೊನೆಯ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಬರೆದಿಡೋಣ. ಅದರಿಂದ ಒಂದು ವರ್ಷ ಹಿಂದಕ್ಕೆ ಎಣಿಸಿ ಇನ್ನೊಂದು ಗುರುತು ಹಾಕೋಣ. ಅರ್ಜಿ ಹಾಕಬೇಕಾದದ್ದು ಆ ದಿನದಿಂದ.