ಸೋರಿಕೆಯ ಪಟ್ಟಿ ಎಲ್ಲಿದೆ?

ವೈದ್ಯಕೀಯ ಉಪಕರಣ ಖರೀದಿಯ ಹೊಣೆ ಹೊತ್ತ ಅಧಿಕಾರಿಗಳಿಗೆ ಆಂಧ್ರದ ಗುಡಿಬಂಡೆಯಿಂದ ಬಹಿರಂಗ ಪತ್ರ



ದೇಹದ ವಿದ್ಯುತ್ ತಡೆಯನ್ನು ಅಳೆದು ಕೊಬ್ಬಿನಂಶ ಹೇಳುವ ಉಪಕರಣ ಎರಡು ಎಲೆಕ್ಟ್ರೋಡುಗಳಿಂದ ಸಣ್ಣ ಪ್ರವಾಹವನ್ನು, ಸಾಮಾನ್ಯವಾಗಿ 50 ಕಿಲೋಹರ್ಟ್ಸ್‌ನದನ್ನು, ಹಾಯಿಸಿ ಬೇರೆ ಎರಡರಿಂದ ವೋಲ್ಟೇಜ್ ಓದುತ್ತದೆ. ಚರ್ಮ ಒಣಗಿರಲಿ, ಬೆವೆತಿರಲಿ, ಪ್ರವಾಹ ಬದಲಾಗಕೂಡದು. 1962ರ ಸುಮಾರಿಗೆ ಎಂಐಟಿಯ ಬ್ರಾಡ್‌ಫರ್ಡ್ ಹೌಲ್ಯಾಂಡ್ ರೂಪಿಸಿದ ಸರ್ಕ್ಯೂಟ್ ಇದಕ್ಕೆ ಇಂದಿಗೂ ಸಾಕು: ಒಂದು ಆಪ್-ಆಂಪ್, ನಾಲ್ಕು ರೆಸಿಸ್ಟರು. ರೆಸಿಸ್ಟರುಗಳ ಅನುಪಾತ ತಪ್ಪಿದರೆ ಪ್ರವಾಹದ ಸ್ಥಿರತೆ ಕೆಡುತ್ತದೆ, ಶೇ. 1ರವು ಸಾಲವು, ಶೇ. 0.1ರವು ಬೇಕು. ಡಿಸಿ ತಡೆಯುವ ಕೆಪಾಸಿಟರೂ ಬೇಕು. ಇಷ್ಟು ಸುಲಭ.

ಕಷ್ಟವಿರುವುದು ಈ ಸರ್ಕ್ಯೂಟನ್ನು ಗೋಡೆಯ ಪ್ಲಗ್ಗಿನಿಂದ ಬೇರ್ಪಡಿಸುವುದರಲ್ಲಿ. ಶಕ್ತಿಗೆ ಬ್ಯಾಟರಿ ಅಥವಾ ಟ್ರಾನ್ಸ್‌ಫಾರ್ಮರ್, ಸಂಕೇತಕ್ಕೆ ಆಪ್ಟೋಕಪ್ಲರ್. ಆದರೆ ಟ್ರಾನ್ಸ್‌ಫಾರ್ಮರಿನ ಎರಡು ಸುರುಳಿಗಳ ನಡುವಿನ ಕೆಪಾಸಿಟೆನ್ಸ್ ಕಳ್ಳದಾರಿಯಾಗುತ್ತದೆ. ಅದು ಬರೀ 100 ಪಿಕೋಫ್ಯಾರಡ್ ಇದ್ದರೂ 230 ವೋಲ್ಟ್, 50 ಹರ್ಟ್ಸ್‌ನಲ್ಲಿ ಸುಮಾರು 7.2 ಮೈಕ್ರೋಆಂಪ್ ಸೋರುತ್ತದೆ. ಹೃದಯಕ್ಕೆ ನೇರವಾಗಿ ತಾಗುವ ಭಾಗಗಳಿಗೆ ಐಇಸಿ 60601-1 ಸುರಕ್ಷತಾ ಮಾನದಂಡ ಬಿಟ್ಟಿರುವ ಮಿತಿ 10 ಮೈಕ್ರೋಆಂಪ್, ಒಂದು ದೋಷ ಕಂಡಾಗ 50. ಚರ್ಮಕ್ಕಷ್ಟೇ ಅಂಟುವ ಬಿಎಫ್ ಬಗೆಗೆ 100 ಮತ್ತು 500. ಒಬ್ಬನೇ ರೋಗಿಗೆ ಎರಡು ಮೂರು ಉಪಕರಣ ಕಟ್ಟಿದರೆ ಸೋರಿಕೆಗಳು ಕೂಡಿಕೊಳ್ಳುತ್ತವೆ.

ಅರ್ಥ್ ತಂತಿ ಕಡಿಯುವುದೂ ಆ ಮಿತಿಗಳಲ್ಲಿ ಹೇಳಿದಂಥ ಒಂದು ದೋಷ. ನಮ್ಮ ಮಡಕಶಿರ ಸೀಮೆ ಮಳೆ ಕಡಿಮೆಯ ನಾಡು. ಮಣ್ಣು ಒಣಗಿದಂತೆ ಅರ್ಥ್ ಗುಂಡಿಯ ತಡೆ ಏರುತ್ತದೆ, ಗುಂಡಿಗೆ ನೀರು ಹಾಕುವವರು ಯಾರೂ ಇಲ್ಲ. ಇಲ್ಲಿ ಅರ್ಥಿಂಗ್ ನಂಬಿ ಕೂರುವಂತಿಲ್ಲ. ರೋಗಿಯನ್ನು ಕಾಯಬೇಕಾದದ್ದು ಉಪಕರಣದೊಳಗಿನ ಬೇರ್ಪಾಟೇ.

ಅದಕ್ಕೇ ನಮ್ಮೂರಿಗೆ ಕೊಟ್ಟ ಉಪಕರಣದ ಸೋರಿಕೆಯ ಅಳತೆಪಟ್ಟಿ ಕೇಳಿದ್ದು. ಉಪಕರಣದ ಜೊತೆಗೇ ಕೊಡುತ್ತೇವೆಂದು ನಿಮ್ಮ ಕಚೇರಿ ಒಪ್ಪಿತ್ತು. ಮನವಿ ಹೋಯಿತು, ಜ್ಞಾಪನಾಪತ್ರ ಹೋಯಿತು. ಬಂದದ್ದು ಬಣ್ಣದ ಕೈಪಿಡಿ. ಅದರಲ್ಲಿ ಕೊಬ್ಬಿನಂಶ ಅಳೆಯುವ ನಿಖರತೆಯ ಹೊಗಳಿಕೆ ಪುಟಗಟ್ಟಲೆ ಇದೆ, ಸೋರಿಕೆಯ ಒಂದು ಅಂಕಿಯಿಲ್ಲ. 4000 ವೋಲ್ಟ್ ನಿರೋಧ ಪರೀಕ್ಷೆ ನಡೆಯಿತೇ, ಪ್ಲಗ್ಗಿನ ಕಡೆಗೂ ರೋಗಿಯ ಕಡೆಗೂ ನಡುವೆ ಬೋರ್ಡಿನ ಮೇಲೆ 8 ಮಿಲಿಮೀಟರ್ ಅಂತರವಿದೆಯೇ, ಅದಕ್ಕೂ ಉತ್ತರವಿಲ್ಲ. ಕೊಟ್ಟ ಮಾತು ಒಂದು ಹಾಳೆಯದು. ಆ ಹಾಳೆ ಬರಲಿಲ್ಲ.

2022ರಲ್ಲಿ ಅನಂತಪುರ ಜಿಲ್ಲೆ ಒಡೆದು ಗುಡಿಬಂಡೆ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಕೇಳಿದವರಿಗೆಲ್ಲ ಇನ್ನೊಂದು ಊರಿನ ಕಚೇರಿ ತೋರಿಸಲು ಅದೂ ಒಂದು ನೆಪವಾಯಿತು. ಮನೆಮಾತು ಕನ್ನಡವಾಗಿರುವ ಊರಿನಲ್ಲಿ ಎಚ್ಚರಿಕೆಯ ಚೀಟಿ ಕನ್ನಡದಲ್ಲಿಲ್ಲ. ಕೆಟ್ಟ ಯಂತ್ರದ ಹೊಣೆ ಯಾರದೆಂದು ಯಾವ ಫೈಲೂ ಹೇಳುವುದಿಲ್ಲ.

ಪಟ್ಟಿ ಬರುವವರೆಗೆ ಆ ಉಪಕರಣವನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ರೋಗಿಗೆ ಕಟ್ಟಕೂಡದು. ಆ ಆದೇಶವನ್ನಾದರೂ ಲಿಖಿತವಾಗಿ ಕಳುಹಿಸಬೇಕು.